ಇನ್ನೇನು ಆಗಿಹೋಗುತ್ತಿತ್ತು, ಅದನ್ನು ಬರೆದಿಡಿ: ಸಣ್ಣ ಆಸ್ಪತ್ರೆಯಲ್ಲಿ ರೋಗಿಗಳನ್ನು ಅಪಾಯದಿಂದ ಕಾಯುವ ಬಗೆ

ಜುಲೈ ತಿಂಗಳ ರಾತ್ರಿ. ಮೂಡಿಗೆರೆ ಕಡೆಯ ಮಳೆ ಹೇಗೆ ಅಂತ ನೋಡಿದವರಿಗೆ ಗೊತ್ತು. ಎಲ್ಲೋ ತಂತಿಯ ಮೇಲೆ ಮರ ಬಿದ್ದು ಸಂಜೆಯೇ ಕರೆಂಟ್ ಹೋಗಿತ್ತು. ಜನರೇಟರ್ ಓಟಿಗೆ, ಅಂದರೆ ಆಪರೇಷನ್ ಕೋಣೆಗೆ, ಮತ್ತು ಹೆರಿಗೆ ಕೋಣೆಗೆ ಮಾತ್ರ. ಹೆಂಗಸರ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇದ್ದರು. ಏಳನೇ ಮಂಚದವರಿಗೆ ಸಕ್ಕರೆ ಕಾಯಿಲೆ, ಒಂಬತ್ತನೇ ಮಂಚದವರಿಗೆ ಕಾಲಿನ ಗಾಯ. ರಾತ್ರಿ ಊಟಕ್ಕೆ ಮುಂಚಿನ ಇನ್ಸುಲಿನ್ ಸಿರಿಂಜಿಗೆ ಎಳೆದುಕೊಂಡು ಬಂದು "ಲಕ್ಷ್ಮಮ್ಮಾ" ಎಂದೆ. ಒಂಬತ್ತನೇ ಮಂಚದಿಂದ "ಹ್ಞಾಂ" ಅಂತ ದನಿ ಬಂತು. ತೋಳಿಗೆ ಸ್ಪಿರಿಟ್ ಹತ್ತಿ ಉಜ್ಜಿಯೂ ಆಗಿತ್ತು. ಟಾರ್ಚ್ ಹಿಡಿದು ನಿಂತಿದ್ದ ಆಯಮ್ಮ ಮೆಲ್ಲಗೆ ಹೇಳಿದರು: "ಸಿಸ್ಟರ್, ಇವ್ರಿಗೆ ಶುಗರ್ ಇಲ್ವಲ್ಲ. ಸಾಯಂಕಾಲ ಕಾಫಿಗೆ ಇನ್ನೊಂದ್ ಚಮಚ ಸಕ್ಕರೆ ಹಾಕಿಸ್ಕೊಂಡ್ರು."

ಸೂಜಿ ಚರ್ಮಕ್ಕೆ ತಾಗಿರಲಿಲ್ಲ. ವಾರ್ಡಿನ ಹೊರಗೆ ಬಂದು ಆಯಮ್ಮನ ಕೈ ಹಿಡಿದುಕೊಂಡು "ಯಾರಿಗೂ ಹೇಳ್ಬೇಡಿ" ಎಂದೆ. ಅವರು ಹೇಳಲಿಲ್ಲ.

ಮೂರು ತಿಂಗಳಾದ ಮೇಲೆ ಅದೇ ವಾರ್ಡಿನಲ್ಲಿ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯೊಬ್ಬಳು ಒಬ್ಬರ ಇನ್ಸುಲಿನ್ ಇನ್ನೊಬ್ಬರಿಗೆ ಕೊಟ್ಟಳು. ಅಲ್ಲಿಯೂ ಎರಡು ಹೆಸರು ಒಂದೇ. ಬೆಳಗಿನ ಜಾವ ರೋಗಿ ಬೆವರಿ, ಮಾತು ತೊದಲಿ, ಪ್ರಜ್ಞೆ ತಪ್ಪಿದರು. 25 ಪರ್ಸೆಂಟ್ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ಕೊಟ್ಟು ಉಳಿಸಿಕೊಂಡೆವು. ಹುಡುಗಿಯನ್ನು ಮರುದಿನವೇ ಕೆಲಸದಿಂದ ತೆಗೆದರು. ನಾನು ಬಾಯಿ ಬಿಡಲಿಲ್ಲ. ಜುಲೈನಲ್ಲೇ ನಾನು ಹೇಳಿದ್ದರೆ ಆ ಸೂಜಿ ಚುಚ್ಚುತ್ತಲೇ ಇರಲಿಲ್ಲ ಎಂಬುದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಚಿಕ್ಕಮಗಳೂರು ಜಿಲ್ಲೆಯ ಸಣ್ಣ ಆಸ್ಪತ್ರೆಗಳಲ್ಲಿ 31 ವರ್ಷ ನರ್ಸ್ ಆಗಿ, ಕೊನೆಯ ಹನ್ನೆರಡು ವರ್ಷ ನರ್ಸುಗಳ ಮುಖ್ಯಸ್ಥೆ, ಅಂದರೆ ಮೇಟ್ರನ್ ಆಗಿ ದುಡಿದು ನಿವೃತ್ತಳಾದೆ. ಈಗ ಸುತ್ತಲಿನ ಇಪ್ಪತ್ತು, ಮೂವತ್ತು, ನಲವತ್ತು ಹಾಸಿಗೆಯ ಆಸ್ಪತ್ರೆಯವರು ಕರೆದರೆ ಹೋಗಿ ಹೇಳಿಕೊಟ್ಟು ಬರುತ್ತೇನೆ. ಹಾಗೆ ಹೇಳಿಕೊಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಆಸ್ಪತ್ರೆಗೆ ಬರುವ ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೊಂದು ಹಾನಿ ಆಗುತ್ತದೆ, ಅದರಲ್ಲಿ ಅರ್ಧಕ್ಕೂ ಹೆಚ್ಚನ್ನು ತಪ್ಪಿಸಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. 2019ರಿಂದ ಸೆಪ್ಟೆಂಬರ್ 17ನ್ನು ರೋಗಿ ಸುರಕ್ಷತಾ ದಿನ ಎಂದೂ ಆಚರಿಸುತ್ತಾರೆ. ಬ್ಯಾನರ್ ಕಟ್ಟಿ ಫೋಟೋ ತೆಗೆಸಿಕೊಳ್ಳುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಏನು ಮಾಡಬೇಕು ಎಂಬುದು ಗೊತ್ತಿರಬೇಕು.

ಮೊದಲು ಒಂದು ನೋಟ್‌ಬುಕ್

200 ಪುಟದ ಗೆರೆ ಎಳೆದ ನೋಟ್‌ಬುಕ್ ಸಾಕು. ನರ್ಸುಗಳು ಕೂರುವ ಮೇಜಿನ ಮೇಲೆ, ದಾರ ಕಟ್ಟಿದ ಪೆನ್ನಿನ ಜೊತೆ ಇಡಿ. ಐದು ಕಾಲಂ ಹಾಕಿ: ದಿನಾಂಕ ಮತ್ತು ಹೊತ್ತು, ಎಲ್ಲಿ, ಏನಾಯಿತು ಅಥವಾ ಇನ್ನೇನು ಆಗುತ್ತಿತ್ತು, ಹೇಗೆ ತಪ್ಪಿತು, ಏನು ಬದಲಾಯಿಸಬಹುದು. ತಪ್ಪು ಮಾಡಿದವರ ಹೆಸರಿಗೆ ಕಾಲಂ ಇಲ್ಲ. ರೋಗಿಯ ಹೆಸರೂ ಬೇಡ. ಓದು ಬರಹ ಬಾರದ ಆಯಮ್ಮಂದಿರು ಬಾಯಲ್ಲಿ ಹೇಳಲಿ, ಆ ಪಾಳಿಯಲ್ಲಿರುವ ನರ್ಸ್ ಅವರು ಹೇಳಿದ ಮಾತಿನಲ್ಲೇ ಬರೆಯಲಿ. ತಿದ್ದಿ ಚಂದ ಮಾಡುವುದು ಬೇಡ.

ಬೀಗ ಹಾಕಿದ ಪೆಟ್ಟಿಗೆ ಇಡೋಣವೇ ಎಂದು ಮ್ಯಾನೇಜರುಗಳು ಕೇಳುತ್ತಾರೆ. ನಾನು ಬೇಡ ಎನ್ನುತ್ತೇನೆ. ಪೆಟ್ಟಿಗೆಗೆ ಚೀಟಿ ಹಾಕುವವರನ್ನು ಎಲ್ಲರೂ ನೋಡುತ್ತಾರೆ, ಒಳಗಿನದನ್ನು ಯಾರೂ ಓದುವುದಿಲ್ಲ. ತೆರೆದ ನೋಟ್‌ಬುಕ್ಕನ್ನು ಮುಂದಿನ ಪಾಳಿಯವರು ಬಂದ ಕೂಡಲೇ ಓದುತ್ತಾರೆ. ಎಚ್ಚರ ಅಲ್ಲಿಂದಲೇ ಶುರು.

ಮೊದಲ ಪುಟವನ್ನು ದೊಡ್ಡ ಡಾಕ್ಟರೇ ಬರೆಯಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. ನಾನು ಹೋದ ಒಂದು ಆಸ್ಪತ್ರೆಯಲ್ಲಿ ಎರಡು ವಾರ ಪುಸ್ತಕ ಖಾಲಿ ಇತ್ತು. ಆಸ್ಪತ್ರೆ ನಡೆಸುವ ಡಾಕ್ಟರ್ ಒಂದು ಮಧ್ಯಾಹ್ನ ತಾವೇ ಕುಳಿತು ಬರೆದರು: "ಫೋನಿನಲ್ಲಿ ಮಾತಾಡುತ್ತಾ ಎಡ ಮಂಡಿಯ ಬದಲು ಬಲ ಮಂಡಿಯ ಎಕ್ಸ್-ರೇ ಬರೆದುಕೊಟ್ಟೆ. ಎಕ್ಸ್-ರೇ ಹುಡುಗ ರೋಗಿಯನ್ನು ಕೇಳಿದ್ದರಿಂದ ಗೊತ್ತಾಯಿತು." ಆ ವಾರವೇ ಹನ್ನೊಂದು ಬರಹ ಬಂದವು. ಪುಸ್ತಕ ಖಾಲಿ ಇದೆ ಅಂದರೆ ಆಸ್ಪತ್ರೆಯಲ್ಲಿ ಏನೂ ಆಗುತ್ತಿಲ್ಲ ಅಂತ ತಿಳಿಯಬೇಡಿ. ಹೆದರಿಕೆ ಇದೆ ಅಂತ ತಿಳಿಯಿರಿ.

ವಾರಕ್ಕೊಮ್ಮೆ, ಓಪಿಡಿ (ಹೊರರೋಗಿಗಳ ವಿಭಾಗ) ಖಾಲಿಯಾಗುವ ಹೊತ್ತಿನಲ್ಲಿ, ಇಪ್ಪತ್ತು ನಿಮಿಷ ಎಲ್ಲರೂ ನಿಂತುಕೊಂಡೇ ಇದನ್ನು ಓದಿ. ಡಾಕ್ಟರ್, ನರ್ಸ್, ಲ್ಯಾಬಿನವರು, ಔಷಧಿ ಅಂಗಡಿಯವರು, ಅಡುಗೆಯವರು, ಗುಡಿಸುವವರು, ಡ್ರೈವರ್ ಎಲ್ಲರೂ ಇರಲಿ. ಪ್ರತಿ ವಾರ ಒಂದಾದರೂ ಬದಲಾವಣೆ ಕಣ್ಣಿಗೆ ಕಾಣುವಂತೆ ಆಗಬೇಕು. ನಮ್ಮಲ್ಲಿ ಗುಡಿಸುವ ಹೆಂಗಸು ಬರೆಸಿದ್ದು ಇದು: "ಅಜ್ಜಿ ಬಾತ್‌ರೂಮಲ್ಲಿ ಬಿದ್ದಿತ್ತು, ಒಳಗಿಂದ ಚಿಲಕ ಹಾಕಿತ್ತು, ಬಾಗಿಲು ಒಡೆಯೋಕೆ ಹತ್ತು ನಿಮಿಷ ಆಯ್ತು." ಮೂರನೇ ದಿನ ಬಡಗಿ ಬಂದು ಹೊರಗಿನಿಂದಲೂ ತೆಗೆಯಬಹುದಾದ ಚಿಲಕ ಹಾಕಿದ. ತಾನು ಹೇಳಿದ್ದು ನಡೆಯಿತು ಅಂತ ಆ ಹೆಂಗಸಿಗೆ ಗೊತ್ತಾಯಿತು. ಆಮೇಲೆ ಆಕೆ ಬರೆಸಿದಷ್ಟು ಬೇರೆ ಯಾರೂ ಬರೆಸಲಿಲ್ಲ.

ಹಾಗಾದರೆ ಯಾರಿಗೂ ಶಿಕ್ಷೆಯೇ ಬೇಡವೇ ಎಂದು ಕೇಳುತ್ತೀರಿ. ಮೂರು ಬಗೆ ಮಾಡಿಕೊಳ್ಳಿ. ಕತ್ತಲೆಯಲ್ಲಿ ಎರಡು ಲಕ್ಷ್ಮಮ್ಮ ಅದಲು ಬದಲಾದದ್ದು ಮನುಷ್ಯ ಸಹಜ ತಪ್ಪು. ಅದಕ್ಕೆ ಸಮಾಧಾನ ಹೇಳಿ, ವ್ಯವಸ್ಥೆ ಸರಿಮಾಡಿ. ಇಬ್ಬರು ನೋಡಿ ಸಹಿ ಹಾಕಬೇಕಾದಲ್ಲಿ ಒಬ್ಬರೇ ಎರಡೂ ಸಹಿ ಹಾಕಿದರೆ ಅದು ಅಡ್ಡದಾರಿ. ಅಲ್ಲಿ ಕೂರಿಸಿ ಮಾತಾಡಿ, ಯಾಕೆ ಹಾಗೆ ಮಾಡಬೇಕಾಯಿತು ಅಂತ ಕೇಳಿ. ಬಹಳ ಸಲ ರಾತ್ರಿ ಪಾಳಿಗೆ ಒಬ್ಬಳೇ ನರ್ಸ್ ಇರುತ್ತಾಳೆ, ತಪ್ಪು ಪಾಳಿ ಹಾಕಿದವರದ್ದು. ಕುಡಿದು ಡ್ಯೂಟಿಗೆ ಬಂದವರು, ನೋಡದೇ ಬಿಪಿ ಬರೆದವರು, ಕೇಸ್ ಶೀಟ್ ತಿದ್ದಿದವರು ಮೂರನೇ ಬಗೆ. ಅವರ ಮೇಲೆ ಕ್ರಮ ತೆಗೆದುಕೊಳ್ಳಲೇಬೇಕು.

ಇದೆಲ್ಲ ನಾಳೆ ಕೋರ್ಟಿಗೆ ಹೋದರೆ ನಮ್ಮ ಕುತ್ತಿಗೆಗೇ ಬರುತ್ತದಲ್ಲ ಎಂಬ ಭಯವನ್ನು ಡಾಕ್ಟರುಗಳು ನನ್ನ ಹತ್ತಿರ ಬಾಯಿಬಿಟ್ಟೇ ಹೇಳಿದ್ದಾರೆ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿನ ಒಳಗೆ ಬರುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಹುಟ್ಟಿದ ಭಯ ಅದು. ನಿಮ್ಮ ವಕೀಲರನ್ನು ಒಮ್ಮೆ ಕೇಳಿಕೊಳ್ಳಿ. ನನ್ನ ಅನುಭವದಲ್ಲಿ ಜನ ಕೋರ್ಟಿಗೆ ಹೋದದ್ದು ತಪ್ಪಾಯಿತು ಅಂತಲ್ಲ, ಮುಚ್ಚಿಟ್ಟರು ಅಂತ.

ಮಳೆಗೆ ಮುಂಚೆ ಒಮ್ಮೆ, ಕುಯ್ಲಿಗೆ ಮುಂಚೆ ಒಮ್ಮೆ

ನೋಟ್‌ಬುಕ್ ಆದದ್ದನ್ನು ಹಿಡಿಯುತ್ತದೆ. ಆಗಬಹುದಾದದ್ದನ್ನು ಹಿಡಿಯಲು ಆಸ್ಪತ್ರೆಯನ್ನು ಸುತ್ತಿ ನೋಡಬೇಕು. ನಮ್ಮ ಕಡೆ ಇದಕ್ಕೆ ಎರಡು ಹೊತ್ತು. ಮೇ ಕೊನೆಯಲ್ಲಿ ಮಳೆ ಹಿಡಿಯುವ ಮುಂಚೆ ಒಂದು, ನವೆಂಬರಿನಲ್ಲಿ ಕಾಫಿ ಕುಯ್ಲು ಶುರುವಾಗುವ ಮುಂಚೆ ಇನ್ನೊಂದು. ಮಳೆಗಾಲದ ಅಪಾಯ ಕರೆಂಟು, ದಾರಿ, ಒದ್ದೆ ನೆಲ. ಕುಯ್ಲಿನ ಅಪಾಯ ಜನ: ಹೊರಗಿನಿಂದ ಬಂದ ಕೆಲಸಗಾರರು, ಮೆಣಸು ಕುಯ್ಯುವ ಏಣಿಯಿಂದ ಬಿದ್ದವರು, ಒಂದೇ ಜೀಪಿನಲ್ಲಿ ಬಂದ ಆರು ಗಾಯಾಳುಗಳು.

ಕಂಡ ಪ್ರತಿ ಅಪಾಯಕ್ಕೂ ಎರಡು ಅಂಕ ಕೊಡಿ. ಆಗುವ ಸಾಧ್ಯತೆಗೆ 1ರಿಂದ 5, ಆದರೆ ಎಷ್ಟು ಕೆಟ್ಟದ್ದು ಎಂಬುದಕ್ಕೆ 1ರಿಂದ 5. ಎರಡನ್ನೂ ಗುಣಿಸಿ. 15 ದಾಟಿದ್ದಕ್ಕೆ ಇವತ್ತೇ ಕೈ ಹಾಕಿ. ಅಂಕ 12 ಇರಬೇಕೋ 10 ಇರಬೇಕೋ ಎಂದು ವಾದ ಮಾಡುತ್ತಾ ಮಧ್ಯಾಹ್ನ ಕಳೆದವರನ್ನು ನೋಡಿದ್ದೇನೆ. ಅಷ್ಟು ಹೊತ್ತಿನಲ್ಲಿ ಒಂದು ಬಲ್ಬ್ ಬದಲಾಯಿಸಬಹುದಿತ್ತು.

ಒಂದು ಲೆಕ್ಕ ಮಾತ್ರ ಕೈಬೆರಳಲ್ಲಿ ಇರಬೇಕು: ಆಮ್ಲಜನಕ. ಸಣ್ಣ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1,500 ಲೀಟರ್, ದೊಡ್ಡ ಡಿ ಟೈಪಿನಲ್ಲಿ ಸುಮಾರು 7,000 ಲೀಟರ್. ರೋಗಿಗೆ ನಿಮಿಷಕ್ಕೆ 10 ಲೀಟರ್ ಹೋಗುತ್ತಿದ್ದರೆ ಸಣ್ಣದು ಎರಡೂವರೆ ಗಂಟೆ, ದೊಡ್ಡದು ಹನ್ನೊಂದೂವರೆ ಗಂಟೆ ಬರುತ್ತದೆ, ಅದೂ ಪೂರ್ತಿ ತುಂಬಿದ್ದರೆ. ಮೂಡಿಗೆರೆಯಿಂದ ಚಾರ್ಮಾಡಿ ಘಟ್ಟ ಇಳಿದು ಮಂಗಳೂರಿಗೆ ಹೋಗಲು ಒಳ್ಳೆಯ ದಿನದಲ್ಲೇ ಮೂರು ಗಂಟೆ ಹತ್ತಿರ ಬೇಕು. ಆಂಬುಲೆನ್ಸಿನಲ್ಲಿ ಒಂದೇ ಸಣ್ಣ ಸಿಲಿಂಡರ್ ಇಟ್ಟುಕೊಂಡು ಹೊರಟರೆ ಘಟ್ಟ ಇಳಿದ ಮೇಲೆ ಎಲ್ಲೋ ಅದು ಮುಗಿಯುತ್ತದೆ. ಈ ಲೆಕ್ಕವನ್ನು ದಪ್ಪ ಅಕ್ಷರದಲ್ಲಿ ಬರೆದು ಆಂಬುಲೆನ್ಸಿನ ಬಾಗಿಲಿನ ಒಳಗೆ ಅಂಟಿಸಿ. 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಮುಚ್ಚಿದಾಗ ನಾವು ರೋಗಿಗಳನ್ನು ಹಾಸನದ ಕಡೆಗೇ ಕಳಿಸಬೇಕಾಯಿತು. ಮಂಗಳೂರು ಎಂದು ಬರೆದಿಟ್ಟ ಪ್ರತಿ ಕಡೆಯಲ್ಲೂ ಎರಡನೇ ದಾರಿ, ಎರಡನೇ ಆಸ್ಪತ್ರೆ, ಅವರ ಫೋನ್ ನಂಬರ್ ಇರಬೇಕು ಎಂದು ಆಗ ಕಲಿತೆವು. 2021ರ ಮೇನಲ್ಲಿ ಚಾಮರಾಜನಗರದಲ್ಲಿ ಒಂದು ರಾತ್ರಿ ಆಮ್ಲಜನಕ ಸಾಲದೆ ಏನಾಯಿತು ಎಂಬುದನ್ನು ಈ ರಾಜ್ಯದ ಯಾವ ನರ್ಸೂ ಮರೆಯಲಾರಳು. ಎಷ್ಟು ಸಿಲಿಂಡರ್ ತುಂಬಿದೆ, ಎಷ್ಟು ಖಾಲಿ ಎಂದು ಪ್ರತಿ ಪಾಳಿ ಬದಲಾಗುವಾಗ ಮುಟ್ಟಿ ಎಣಿಸಿ. ಖಾಲಿಯದಕ್ಕೆ ಒಂದು ಬಟ್ಟೆ ಕಟ್ಟಿ.

ಫ್ರಿಜ್ ಇನ್ನೊಂದು. ಇನ್ಸುಲಿನ್, ಹೆರಿಗೆಯ ಆಕ್ಸಿಟೋಸಿನ್, ಲಸಿಕೆ ಎಲ್ಲಕ್ಕೂ 2ರಿಂದ 8 ಡಿಗ್ರಿ ಬೇಕು. ಎರಡು ದಿನ ಕರೆಂಟ್ ಇಲ್ಲದಾಗ ಬಿಸಿಯಾಗುವುದು ಎಲ್ಲರಿಗೂ ಗೊತ್ತು. ಫ್ರೀಜರಿಗೆ ತಾಗಿಸಿ ಇಟ್ಟ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುವುದು ಬಹಳ ಮಂದಿಗೆ ಗೊತ್ತಿಲ್ಲ. ಹೆಪ್ಪುಗಟ್ಟಿ ಕರಗಿದ್ದನ್ನು ಎಸೆಯಲೇಬೇಕು. ಆ ಫ್ರಿಜ್ಜಿನಲ್ಲಿ ಯಾರ ಊಟದ ಡಬ್ಬಿಯೂ ಬೇಡ.

ಬೆಂಕಿಯ ಬಗ್ಗೆ ಒಂದೇ ಮಾತು. ತುರ್ತು ಮೆಟ್ಟಿಲಿನಲ್ಲಿ ಮುರಿದ ಮಂಚ, ಹಳೆಯ ಹಾಸಿಗೆ ತುಂಬಿಡದ ಆಸ್ಪತ್ರೆಯನ್ನು ನಾನು ಕಂಡದ್ದು ಕಡಿಮೆ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾದಲ್ಲಿ ನವಜಾತ ಶಿಶುಗಳ ಘಟಕಕ್ಕೆ ಬೆಂಕಿ ಬಿದ್ದು 10 ಕೂಸುಗಳು ಹೋದವು. ಇವತ್ತು ಹೋಗಿ ನಿಮ್ಮ ಹಿಂಬಾಗಿಲಿನ ಬೀಗ ನೋಡಿ, ಅದರ ಕೀಲಿ ಯಾರ ಹತ್ತಿರ ಇದೆ ಕೇಳಿ.

ಹೆಸರು

ತೋಟದ ಲೈನ್ ಮನೆಗಳಿಂದ ಬರುವವರಲ್ಲಿ ಲಕ್ಷ್ಮಮ್ಮ, ಗೌರಮ್ಮ, ಮಂಜುನಾಥ ಎಷ್ಟು ಜನ! ರೋಗಿಯನ್ನು ಗುರುತಿಸಲು ಎರಡು ಗುರುತು ಬೇಕು ಎಂಬುದು ಪ್ರಪಂಚದಲ್ಲೆಲ್ಲ ಇರುವ ನಿಯಮ. ಪುಸ್ತಕದಲ್ಲಿ ಹೆಸರು ಮತ್ತು ಹುಟ್ಟಿದ ದಿನ ಎಂದಿರುತ್ತದೆ. ನಮ್ಮ ವಯಸ್ಸಾದವರಿಗೆ ಹುಟ್ಟಿದ ದಿನ ಗೊತ್ತಿರುವುದಿಲ್ಲ, ಆಧಾರಿನಲ್ಲಿ ಎಲ್ಲರದ್ದೂ ಜನವರಿ 1. ಆದ್ದರಿಂದ ಪೂರ್ತಿ ಹೆಸರು ಮತ್ತು ಆಸ್ಪತ್ರೆಯ ನೋಂದಣಿ ಸಂಖ್ಯೆ, ಎರಡನ್ನೂ ಕೈಪಟ್ಟಿಯಲ್ಲಿ ಬರೆಯಿರಿ. ಅದರ ಕೆಳಗೆ ಗಂಡನ ಅಥವಾ ತಂದೆಯ ಹೆಸರು, ತೋಟದ ಹೆಸರು. ಮಂಚದ ನಂಬರ್ ಗುರುತೇ ಅಲ್ಲ. ಕಿಟಕಿ ಸೋರಿದರೆ ಮಂಚ ಎಳೆಯುತ್ತೇವೆ, ರೋಗಿಗಳೇ ಗಾಳಿ ಬೆಳಕು ನೋಡಿ ಬದಲಾಯಿಸಿಕೊಳ್ಳುತ್ತಾರೆ. ಒಂದೇ ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರಿದ್ದರೆ ಇಬ್ಬರ ಕೇಸ್ ಶೀಟಿನ ಮೇಲೂ ಕೆಂಪು ಗೆರೆ ಎಳೆಯಿರಿ, ಸಾಧ್ಯವಾದರೆ ಬೇರೆ ಕೋಣೆಗೆ ಹಾಕಿ.

ಹೆಸರನ್ನು ನೀವು ಹೇಳಬೇಡಿ, ಅವರ ಬಾಯಲ್ಲಿ ಹೇಳಿಸಿ. "ನೀವು ಲಕ್ಷ್ಮಮ್ಮ ಅಲ್ವಾ?" ಎಂದರೆ ಕಿವಿ ಮಂದವಾದವರು, ನಿದ್ದೆಗಣ್ಣಿನವರು, ಸಿಸ್ಟರಿಗೆ ಎದುರು ಹೇಳಬಾರದು ಎನ್ನುವವರು ಎಲ್ಲರೂ ಹೂಂ ಎನ್ನುತ್ತಾರೆ. "ನಿಮ್ಮ ಹೆಸರು ಹೇಳಿ ಅಮ್ಮಾ, ಯಜಮಾನ್ರ ಹೆಸರು?" ಎಂದು ಕೇಳಿ. ಗಂಡನ ಹೆಸರು ಬಾಯಲ್ಲಿ ಹೇಳದ ಅಜ್ಜಿಯರು ಇನ್ನೂ ಇದ್ದಾರೆ, ಅವರಿಗೆ ಮಗನ ಹೆಸರು ಕೇಳಿ. ಅಸ್ಸಾಮಿನಿಂದ ಬಂದ ಕೆಲಸಗಾರರು ಕನ್ನಡ ತಿಳಿಯದೆ ಯಾವುದಕ್ಕೂ ತಲೆ ಆಡಿಸುತ್ತಾರೆ. ಅವರ ಜೊತೆಗೆ ಬಂದ ಒಬ್ಬರನ್ನು ಉಳಿಸಿಕೊಳ್ಳಿ, ಇಲ್ಲವೇ ತೋಟದ ಲೆಕ್ಕ ಬರೆಯುವ ರೈಟರಿಗೆ ಫೋನ್ ಮಾಡಿ ಮಾತಾಡಿಸಿ.

ಇನ್ನೊಂದು ಸೂಕ್ಷ್ಮ ಸಂಗತಿ ಇದೆ, ಇದನ್ನು ಯಾವ ತರಬೇತಿಯಲ್ಲೂ ಹೇಳಿದ್ದು ಕೇಳಿಲ್ಲ. ಬಡವರು ಕೆಲವು ಸಲ ಅಕ್ಕನದೋ ನಾದಿನಿಯದೋ ಕಾರ್ಡ್ ತೋರಿಸಿ ಸೇರುತ್ತಾರೆ. ಆಮೇಲೆ ಆ ಕಾರ್ಡಿನ ನಿಜವಾದ ಒಡತಿ ಬಂದಾಗ ಹಳೆಯ ಫೈಲಿನಲ್ಲಿ ಬೇರೆಯವರ ರಕ್ತದ ಗುಂಪು, ಬೇರೆಯವರ ಅಲರ್ಜಿ ಕೂತಿರುತ್ತದೆ. ಹೆದರಿಸಿದರೆ ಯಾರೂ ನಿಜ ಹೇಳುವುದಿಲ್ಲ. ರಕ್ತ ಹಾಕುವ ಮುಂಚೆ ಒಬ್ಬರನ್ನೇ ಕರೆದು, "ಕಾರ್ಡಿನ ವಿಷಯ ಆಮೇಲೆ ನೋಡೋಣ, ಜೀವದ ವಿಷಯ ಇದು, ಇದಕ್ಕೆ ಮುಂಚೆ ಇಲ್ಲಿಗೆ ಬಂದಿದ್ದು ನೀವೇನಾ?" ಎಂದು ಕೇಳಿ. ಹಳೆಯ ಫೈಲಿನ ರಕ್ತದ ಗುಂಪನ್ನು ನಂಬಬೇಡಿ, ಪ್ರತಿ ಸಲ ಹೊಸದಾಗಿ ನೋಡಿ. ಚೀಲವನ್ನೂ ಪಟ್ಟಿಯನ್ನೂ ಇಬ್ಬರು ಮಂಚದ ಪಕ್ಕದಲ್ಲೇ ಜೋರಾಗಿ ಓದಿ. ಮೊದಲ 15 ನಿಮಿಷ ರೋಗಿಯ ಹತ್ತಿರವೇ ಇರಿ. 4 ಗಂಟೆಯೊಳಗೆ ಚೀಲ ಮುಗಿಯಬೇಕು.

ಔಷಧಿಯ ಕಪಾಟು

ಸಣ್ಣ ಆಸ್ಪತ್ರೆಗಳಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವುದು ಇದು. ಇನ್ಸುಲಿನ್ನಿಂದಲೇ ಶುರುಮಾಡುತ್ತೇನೆ.

ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಬಲದಲ್ಲಿ ಬರುತ್ತದೆ, ಒಂದು ಎಂಎಲ್‌ಗೆ 40 ಯೂನಿಟ್ ಮತ್ತು 100 ಯೂನಿಟ್. ಸಿರಿಂಜುಗಳೂ ಎರಡು. 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಟಾರ್ಚ್ ಬೆಳಕಿನಲ್ಲಿ ಕೆಂಪು, ಕಿತ್ತಳೆ ಎರಡೂ ಒಂದೇ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20 ಗೆರೆ ಎಳೆದರೆ ರೋಗಿಗೆ ಹೋಗುವುದು 50 ಯೂನಿಟ್, ಎರಡೂವರೆ ಪಟ್ಟು. ಪರಿಹಾರ ಸುಲಭ, ಆದರೆ ಆಸ್ಪತ್ರೆ ಗಟ್ಟಿ ಮನಸ್ಸು ಮಾಡಬೇಕು: ಎರಡರಲ್ಲಿ ಒಂದು ಬಲವನ್ನು ಮಾತ್ರ ಇಟ್ಟುಕೊಳ್ಳಿ, ಇನ್ನೊಂದನ್ನು ಆ ಕಟ್ಟಡಕ್ಕೇ ತರಬೇಡಿ. ಮನೆಯಿಂದ ತಂದ ಬಾಟಲಿಯನ್ನು ವಾರ್ಡಿನಲ್ಲಿ ಬಳಸಬೇಡಿ. ಮನೆಗೆ ಕಳಿಸುವಾಗ ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು, ಚುಚ್ಚುವವರ ಕೈಯಲ್ಲೇ ಒಮ್ಮೆ ಎಳೆಸಿ ನೋಡಿ.

ಪೊಟ್ಯಾಸಿಯಂ ಕ್ಲೋರೈಡ್ ಸಾಂದ್ರ ದ್ರಾವಣದ ಆಂಪ್ಯೂಲನ್ನು (ಇಂಜೆಕ್ಷನ್ ಔಷಧಿಯ ಪುಟ್ಟ ಸೀಸೆ) ನೇರವಾಗಿ ರಕ್ತನಾಳಕ್ಕೆ ಒತ್ತಿದರೆ ಹೃದಯ ನಿಂತುಹೋಗುತ್ತದೆ. ಅದು ಡಿಸ್ಟಿಲ್ಡ್ ವಾಟರ್ ಆಂಪ್ಯೂಲಿನ ಪಕ್ಕದಲ್ಲಿ, ಅದೇ ಟ್ರೇಯಲ್ಲಿ ಇರುವುದನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಣ್ಣಾರೆ ಕಂಡಿದ್ದೇನೆ. ಸಾಮಾನ್ಯ ವಾರ್ಡಿನಿಂದ ಅದನ್ನು ಇವತ್ತೇ ತೆಗೆಯಿರಿ. ಬೀಗ ಇರುವ ಕಪಾಟಿನಲ್ಲಿ, ಕೆಂಪು ಪೆಟ್ಟಿಗೆಯಲ್ಲಿ ಇಟ್ಟು, ಇಬ್ಬರ ಸಹಿ ಇಲ್ಲದೆ ಹೊರಗೆ ಬಾರದಂತೆ ಮಾಡಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಕೂಡ ಅದೇ ಪೆಟ್ಟಿಗೆಗೆ. ಅದೂ ಎಂಎಲ್‌ಗೆ 1,000 ಮತ್ತು 5,000 ಯೂನಿಟ್ ಎಂದು ಒಂದೇ ಗಾತ್ರದ ಬಾಟಲಿಯಲ್ಲಿ ಬರುತ್ತದೆ. ಓಟಿಯಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆ ಬುಪಿವಕೈನ್, ರಕ್ತಸ್ರಾವ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಇವೆರಡನ್ನೂ ಒಂದೇ ಟ್ರೇಯಲ್ಲಿ ಇಡಬೇಡಿ. ನೋಡಲು ಹೋಲುವ ಆಂಪ್ಯೂಲ್ ಅದಲು ಬದಲಾಗಿ ಬೆನ್ನುಹುರಿಯ ದ್ರವಕ್ಕೆ ಹೋಗಿ ಜೀವ ಹೋದ ಉದಾಹರಣೆಗಳಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಹೆರಿಗೆ ಆಸ್ಪತ್ರೆಗಳಲ್ಲಿ ಎರಡೂ ಪ್ರತಿ ದಿನ ಬೇಕಾಗುವ ಔಷಧಿಗಳು.

ಫೋನಿನಲ್ಲಿ ಡಾಕ್ಟರ್ ಹೇಳುವ ಔಷಧಿಗೆ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ಇಂಗ್ಲಿಷಿನ ಫಿಫ್ಟೀನ್, ಫಿಫ್ಟಿ ಎರಡೂ ಸಿಗ್ನಲ್ ಸಿಗದ ಊರಿನ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. ಹದಿನೈದು, ಐವತ್ತು ಎಂದರೆ ಯಾವ ಮಳೆಯಲ್ಲೂ ಗೊಂದಲವಿಲ್ಲ. ಹಾಗಾಗಿ ಅಳತೆಯನ್ನೆಲ್ಲ ಕನ್ನಡದಲ್ಲಿ ತಿರುಗಿ ಹೇಳಿ, ಅಂಕಿ ಬಿಡಿಸಿ ಹೇಳಿ: "ಹದಿನೈದು ಮಿಲಿಗ್ರಾಂ, ಒಂದು ಐದು, ಸರಿನಾ ಸಾರ್?" ಡಾಕ್ಟರ್ ಹೂಂ ಎಂದ ಮೇಲೆಯೇ ಬರೆಯಿರಿ. ಗಡಿಬಿಡಿಯಲ್ಲಿ ಅವರು ಬೈದರೂ ತಿರುಗಿ ಹೇಳಿ. ಹೊಸ ಹುಡುಗಿಯರು ಇಲ್ಲೇ ಹಿಂಜರಿಯುತ್ತಾರೆ. ಆದ್ದರಿಂದ ವಾರದ ಸಭೆಯಲ್ಲಿ ಡಾಕ್ಟರ್ ತಾವೇ ಎಲ್ಲರೆದುರು ಹೇಳಲಿ, ತಿರುಗಿ ಹೇಳದಿದ್ದರೆ ಔಷಧಿ ಕೊಡಬೇಡಿ ಎಂದು.

ಕೀಲು ನೋವಿಗೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ತಿಂದರೆ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಬರುತ್ತದೆ. ಚೀಟಿಯಲ್ಲಿ ವಾರಕ್ಕೊಮ್ಮೆ ಎಂದು ಬರೆದರೆ ಸಾಲದು. ಸೋಮವಾರ ಎಂದು ಪಟ್ಟಿಯ ಮೇಲೇ ಬರೆದುಕೊಡಿ. ಔಷಧಿಯಿಂದ ಏನೇ ತೊಂದರೆ ಕಂಡರೂ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಉಚಿತ ದೂರವಾಣಿ 1800-180-3024ಕ್ಕೆ ತಿಳಿಸಬಹುದು. ನರ್ಸೂ ಹೇಳಬಹುದು, ರೋಗಿಯೂ ಹೇಳಬಹುದು.

ಓಟಿ, ಕೈ, ಹಾವು

ಶಸ್ತ್ರಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ 19 ಅಂಶಗಳ ಪಟ್ಟಿ ಇದೆ. ಅರಿವಳಿಕೆಗೆ ಮುಂಚೆ, ಕತ್ತರಿಸುವ ಮುಂಚೆ, ರೋಗಿ ಹೊರಗೆ ಹೋಗುವ ಮುಂಚೆ ನಿಂತು ಕೇಳುವ ಪ್ರಶ್ನೆಗಳು. ದೆಹಲಿಯೂ ಸೇರಿ ಎಂಟು ನಗರಗಳಲ್ಲಿ ಬಳಸಿ ನೋಡಿದಾಗ ಸಾವು 1.5 ಪರ್ಸೆಂಟಿನಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ಪ್ರಕಟವಾಯಿತು. ಪಟ್ಟಿ ತುಂಬಿ ಸಹಿ ಹಾಕುವುದು ಬೇರೆ, ಕೇಳುವುದು ಬೇರೆ. ಜೋರಾಗಿ ಓದಬೇಕು, ಓಟಿಯಲ್ಲಿರುವ ಅತಿ ಚಿಕ್ಕ ನರ್ಸೇ ಓದಬೇಕು. ಒಮ್ಮೆ ದನಿ ತೆಗೆದವಳು ರಕ್ತ ಒರೆಸುವ ಬಟ್ಟೆಗಳ ಎಣಿಕೆ ತಪ್ಪಿದಾಗಲೂ ದನಿ ತೆಗೆಯುತ್ತಾಳೆ.

ಕೈ ತೊಳೆಯುವುದರ ಬಗ್ಗೆ ಎಲ್ಲರಿಗೂ ಗೊತ್ತಿದೆ, ಮಾಡುವವರು ಕಡಿಮೆ. ಸೋಪಿನಲ್ಲಿ 40ರಿಂದ 60 ಸೆಕೆಂಡ್, ಸ್ಯಾನಿಟೈಸರಿನಲ್ಲಿ 20ರಿಂದ 30 ಸೆಕೆಂಡ್. ಬಾಟಲಿಯನ್ನು ಗೋಡೆಗೆ ಹಾಕದೆ ಮಂಚದ ಕಾಲಿಗೆ ಕಟ್ಟಿದ ದಿನದಿಂದ ನಮ್ಮಲ್ಲಿ ಬಳಕೆ ಹೆಚ್ಚಿತು.

ಹಾವು ಕಡಿತ ನಮ್ಮ ಕಡೆ ದಿನನಿತ್ಯದ ಮಾತು. 2024ರಿಂದ ಕರ್ನಾಟಕದಲ್ಲಿ ಪ್ರತಿ ಪ್ರಕರಣವನ್ನೂ ಸರ್ಕಾರಕ್ಕೆ ವರದಿ ಮಾಡಲೇಬೇಕು. ಇಲ್ಲಿ ಮೂರು ಕಡೆ ಜಾರುತ್ತೇವೆ. ರಕ್ತ ಹೆಪ್ಪುಗಟ್ಟುವ 20 ನಿಮಿಷದ ಪರೀಕ್ಷೆಗೆ ಒಣಗಿದ ಶುದ್ಧ ಗಾಜಿನ ಟ್ಯೂಬ್ ಬೇಕು. ಪ್ಲಾಸ್ಟಿಕ್ಕಿನಲ್ಲಿ, ಸೋಪಿನ ಅಂಶ ಉಳಿದ ಟ್ಯೂಬಿನಲ್ಲಿ ಉತ್ತರ ತಪ್ಪುತ್ತದೆ. ಹತ್ತು ಹೊಸ ಟ್ಯೂಬ್ ಬೇರೆಯೇ ಡಬ್ಬಿಯಲ್ಲಿ ಇಟ್ಟುಬಿಡಿ. ಎರಡನೆಯದು, ವಿಷ ನಿರೋಧಕ ಔಷಧಿ ಶುರುಮಾಡುವ ಮುಂಚೆ ಅಡ್ರಿನಲಿನ್ ಸಿರಿಂಜಿಗೆ ಎಳೆದು, ಹೆಸರು ಅಂಟಿಸಿ, ತಲೆದಿಂಬಿನ ಪಕ್ಕ ಇಟ್ಟಿರಬೇಕು. ಅಲರ್ಜಿ ಬಂದ ಮೇಲೆ ಕಪಾಟು ಹುಡುಕಲು ಸಮಯ ಇರುವುದಿಲ್ಲ. ಮೂರನೆಯದು, ಈ ಔಷಧಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು. ಘಟ್ಟದ ಕಾಡಿನ ಗುಳಿಮಂಡಲಗಳಿಗೆ ಅಲ್ಲ. ಕೊಟ್ಟರೂ ರಕ್ತಸ್ರಾವ ನಿಲ್ಲದಿದ್ದರೆ ಕಾಯುತ್ತಾ ಕೂರದೆ ದೊಡ್ಡ ಆಸ್ಪತ್ರೆಗೆ ಕಳಿಸುವ ತೀರ್ಮಾನ ಬೇಗ ಆಗಬೇಕು.

ಕಳಿಸುವಾಗ ನಾಲ್ಕು ಮಾತು ಫೋನಿನಲ್ಲಿ ಹೇಳಿ, ಅದನ್ನೇ ಕಾಗದದಲ್ಲೂ ಬರೆದು ಕೊಡಿ: ಈಗ ಏನಾಗಿದೆ, ಇದಕ್ಕೆ ಮುಂಚೆ ಏನಿತ್ತು, ನಾವು ಏನು ನೋಡಿದೆವು ಏನು ಕೊಟ್ಟೆವು, ನೀವು ಏನು ಮಾಡಬೇಕು ಅಂತ ಕೇಳುತ್ತಿದ್ದೇವೆ. ಕೊಟ್ಟ ಔಷಧಿಯ ಹೊತ್ತು ಬರೆಯಲು ಮರೆಯಬೇಡಿ. ಅದಿಲ್ಲದೆ ಅಲ್ಲಿಯವರು ಇನ್ನೊಮ್ಮೆ ಕೊಟ್ಟುಬಿಡುತ್ತಾರೆ.

ಆಗಿಯೇ ಹೋದರೆ

ಎಷ್ಟು ಮಾಡಿದರೂ ಒಂದು ದಿನ ಆಗುತ್ತದೆ. ಮೊದಲು ರೋಗಿಯನ್ನು ನೋಡಿ. ಖಾಲಿ ಆಂಪ್ಯೂಲ್, ಸಿರಿಂಜು, ಡ್ರಿಪ್ ಬಾಟಲಿ ಏನನ್ನೂ ಎಸೆಯಬೇಡಿ, ಒಂದು ಚೀಲಕ್ಕೆ ಹಾಕಿ ಬೀಗದಲ್ಲಿಡಿ. ಕೇಸ್ ಶೀಟಿನಲ್ಲಿ ಆದದ್ದನ್ನು ಆದ ಹೊತ್ತಿನೊಂದಿಗೆ ಬರೆಯಿರಿ, ಹಿಂದಿನ ಸಾಲು ತಿದ್ದಬೇಡಿ. ಮನೆಯವರಿಗೆ ಆ ಗಂಟೆಯೊಳಗೆ ಹೇಳಿ. ಚಿಕಿತ್ಸೆ ಕೊಡುತ್ತಿರುವ ಡಾಕ್ಟರೇ, ಕಾರಿಡಾರಿನಲ್ಲಿ ನಿಂತಲ್ಲ, ಕೋಣೆಯಲ್ಲಿ ಕೂರಿಸಿ, ನೀರು ಕೊಟ್ಟು, "ಬೇರೆಯವರಿಗೆ ಕೊಡಬೇಕಾದ ಔಷಧಿ ನಿಮ್ಮ ತಾಯಿಗೆ ಹೋಗಿದೆ, ಹೀಗಾಗಬಾರದಿತ್ತು, ಈಗ ಹೀಗೆ ನೋಡಿಕೊಳ್ಳುತ್ತಿದ್ದೇವೆ" ಎಂದು ಹೇಳಲಿ. ಗೊತ್ತಿಲ್ಲದ್ದನ್ನು ಊಹಿಸಿ ಹೇಳುವುದು ಬೇಡ. ನಾಳೆ ಇಷ್ಟು ಹೊತ್ತಿಗೆ ಮತ್ತೆ ಮಾತಾಡುತ್ತೇನೆ ಎಂದು ಹೊತ್ತು ಕೊಟ್ಟು, ಆ ಹೊತ್ತಿಗೆ ಹೋಗಲೇಬೇಕು.

ಎರಡು ದಿನ ಬಿಟ್ಟು, ಎಲ್ಲರ ಉಸಿರು ಸರಿಯಾದ ಮೇಲೆ, ಯಾಕೆ ಎಂದು ಐದು ಸಲ ಕೇಳಿ. ಆ ಹುಡುಗಿಯ ವಿಷಯದಲ್ಲಿ ಯಾರೂ ಕೇಳಲಿಲ್ಲ, ಈಗ ನಾನು ಕೇಳುತ್ತೇನೆ. ಬೇರೆಯವರಿಗೆ ಯಾಕೆ ಚುಚ್ಚಿದಳು? ಹೆಸರು ಒಂದೇ ಇತ್ತು. ಒಂದೇ ಹೆಸರಾದರೆ ಯಾಕೆ ಗೊತ್ತಾಗಲಿಲ್ಲ? ಕೈಪಟ್ಟಿ ಇರಲಿಲ್ಲ. ಯಾಕೆ ಇರಲಿಲ್ಲ? ಓಟಿ ರೋಗಿಗಳಿಗೆ ಮಾತ್ರ ತರಿಸುತ್ತಿದ್ದರು. ಎಲ್ಲರಿಗೂ ಯಾಕೆ ತರಿಸಲಿಲ್ಲ? ಬೇಕು ಅಂತ ಯಾರೂ ಕೇಳಿರಲಿಲ್ಲ. ಯಾಕೆ ಕೇಳಲಿಲ್ಲ? ಕೇಳಬೇಕಾದವಳು ಜುಲೈನಲ್ಲಿ ಸುಮ್ಮನಾಗಿದ್ದಳು.

ತಪ್ಪು ಆದವಳನ್ನು ಆ ರಾತ್ರಿ ಒಬ್ಬಳೇ ಮನೆಗೆ ಕಳಿಸಬೇಡಿ, ಹಾಸ್ಟೆಲಿನಲ್ಲಿ ಒಬ್ಬಳೇ ಮಲಗಲೂ ಬಿಡಬೇಡಿ. ಯಾರಾದರೂ ಹಿರಿಯರು ಜೊತೆಗೆ ಕೂರಲಿ. ಊಟ ಮಾಡಿಸಲಿ. ಒಂದು ವಾರ ಹಗಲು ಪಾಳಿ ಹಾಕಿ, ಹಿರಿಯ ನರ್ಸಿನ ಜೊತೆಗೆ ಕೆಲಸ ಕೊಡಿ. ಇನ್ಸುಲಿನ್ನನ್ನು ಅವಳಿಂದ ಪೂರ್ತಿ ಕಿತ್ತುಕೊಳ್ಳಬೇಡಿ, ಇಬ್ಬರೂ ಸೇರಿ ಕೊಡಿ. ನೋಟ್‌ಬುಕ್ಕಿನಲ್ಲಿ ಅದನ್ನು ಬೇರೆಯವರು ಬರೆಯುವ ಮುಂಚೆ ಅವಳನ್ನು ಕೇಳಿ. ತಾನೇ ಬರೆಯುತ್ತೇನೆ ಎಂದರೆ ಪೆನ್ನು ಅವಳ ಕೈಗೆ ಕೊಡಿ, ಪಕ್ಕದಲ್ಲಿ ನಿಲ್ಲಬೇಡಿ.